ದಾನವ್ವನ ಬೋರಿಗೆ ಸೋಮವಾರ ಬಿಡುವು

ಹೆಬ್ಬಳ್ಳಿಯ ದಾನವ್ವ ಮೆಣಸಿನಕಾಯಿ ಬೆಳೆಯುವವಳು. ಅರವತ್ತು ದಾಟಿದೆ, ಗಂಡ ತೀರಿಹೋಗಿ ಬಹಳ ವರ್ಷವಾಯಿತು. ಊರಲ್ಲಿ ಅವಳನ್ನು ಹಟಮಾರಿ ಎನ್ನುತ್ತಾರೆ, ಅವಳು ಅದನ್ನು ಅಲ್ಲಗಳೆದದ್ದಿಲ್ಲ. ಪ್ರತಿ ಬೇಸಿಗೆಯ ಕೊನೆಗೆ ಸಸಿಮಡಿ ಹಾಕುತ್ತಾಳೆ. ಮಳೆ ಹಿಡಿಯುವತನಕ ಆ ಸಸಿ ಉಳಿದರೆ ವರ್ಷದ ಬೆಳೆ ಉಂಟು, ಒಣಗಿದರೆ ಇಲ್ಲ.

ನೀರಿಗೆ ಇರುವುದು ಆರು ಮನೆಯವರು ಕೂಡಿ ಕೊರೆಸಿದ ಒಂದು ಬೋರು. ಅದು ನಿಂತಿರುವುದು ನೀಲಕಂಠಪ್ಪ ಎಂಬ ಹಿರಿಯರ ಹೊಲದಲ್ಲಿ. ಜಾಗ ಅವರದಾದ್ದರಿಂದ ಶನಿವಾರ, ಭಾನುವಾರ ಅವರ ಪಾಳಿ. ಸೋಮವಾರ ರಾಜಶೇಖರನದು, ಮಂಗಳವಾರ ದಾನವ್ವನದು, ಉಳಿದ ದಿನ ಉಳಿದವರದು. ದಾನವ್ವ ಮಂಗಳವಾರ ತನ್ನ ತೊಟ್ಟಿ ತುಂಬಿಸಿಕೊಂಡು ವಾರವಿಡೀ ಸಸಿಗೆ ಹಾಕುತ್ತಾಳೆ. ಯಾರ ಪಾಳಿಯಾದರೂ ಮಧ್ಯಾಹ್ನಕ್ಕೆ ಮೋಟರು ನಿಲ್ಲಿಸಬೇಕೆಂಬುದು ಮಾತು.

ರಾಜಶೇಖರ ಹತ್ತಿ ವ್ಯಾಪಾರಿ, ಅಂಗಡಿ ಹುಬ್ಬಳ್ಳಿಯಲ್ಲಿ. ಅವನು ಆಟೋ ಸ್ಟಾರ್ಟರ್ ಕೂಡಿಸಿದ. ಕರೆಂಟು ಬಂದೊಡನೆ ಮೋಟರು ತಾನೇ ಹೊರಡುತ್ತದೆ, ಕರೆಂಟು ಹೋದ ಮೇಲೆಯೇ ನಿಲ್ಲುತ್ತದೆ. ಮಂಗಳವಾರ ದಾನವ್ವನ ಪೈಪಿನಲ್ಲಿ ಒಂದಿಷ್ಟು ರಾಡಿ, ಆಮೇಲೆ ಬರೀ ಗಾಳಿ. ಅವಳು ಕೇಳಿದಳು.

“ಯಕ್ಕಾ, ನಾ ಅಂಗಡ್ಯಾಗ ಇರತೇನಿ,” ಎಂದ ರಾಜಶೇಖರ. “ಮೋಟರು ತಾನ ಚಾಲೂ ಆಗತೈತಿ. ಅದಕ್ಕ ನಾ ಏನ್ ಹೇಳ್ಲಿ?”

“ಹಂಗಂದ್ರ ಅದಕ್ಕೂ ಒಂದು ಜೀವ ಐತಿ ಅನ್ನು,” ಎಂದಳು ದಾನವ್ವ.

ಅಂತರ್ಜಲದ ಅಧಿಕಾರಿಗಳೂ ಒಮ್ಮೆ ಬಂದು ಬಣ್ಣದ ನಕ್ಷೆ ಬಿಡಿಸಿದ್ದರು. ಬೋರಿಗೆ ನಡುವೆ ವಿರಾಮ ಕೊಟ್ಟರೆ ನೀರು ಮೇಲಕ್ಕೇರುತ್ತದೆ ಎಂದು ಸ್ಪಷ್ಟವಾಗಿಯೇ ಹೇಳಿದರು. ಜನ ಚಹಾ ಕುಡಿದು, ಪೈಪಿಗೆ ಸಬ್ಸಿಡಿ ಎಷ್ಟೆಂದು ಕೇಳಿ ಎದ್ದುಹೋದರು. ವಿಜ್ಞಾನಕ್ಕೆ ಇಲ್ಲಿ ಅಷ್ಟು ಮರ್ಯಾದೆ.

ಆಮೇಲೆ ಮೋಟರು ಸುಟ್ಟಿತು. ಹುಬ್ಬಳ್ಳಿಯ ಕಮರಿಪೇಟೆಯಿಂದ ಅಸ್ಫಾಕ ಎಂಬ ಮೆಕ್ಯಾನಿಕ್ ಬಂದು ಅದನ್ನು ಮೇಲೆತ್ತಿ, ಹೊಸ ತಂತಿ ಸುತ್ತಿ ಮತ್ತೆ ಇಳಿಸಿದ. ಹೋಗುವಾಗ ನಗುತ್ತ ಅಂದ: “ನೀರಿಲ್ಲದ ಓಡಿಸಿದ್ರ ಸುಡದ ಏನ್ ಮಾಡತೈತ್ರಿ? ಎತ್ತಿಗೆ ಸೋಮವಾರ ಸೂಟಿ ಕೊಡತೀರಿ. ಈ ಬಡವಗ ಯಾವ ವಾರ?”

ಎಲ್ಲರೂ ನಕ್ಕರು, ದಾನವ್ವ ನಗಲಿಲ್ಲ. ಈ ಸೀಮೆಯ ರೈತ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಎತ್ತು ಮಾರಿ ಟ್ರ್ಯಾಕ್ಟರು ಕೊಂಡವರೂ ಸೋಮವಾರ ಎತ್ತು ಹೂಡಿದವನನ್ನು ಕಂಡರೆ ಮುಖ ತಿರುಗಿಸುತ್ತಾರೆ. ದಾನವ್ವ ಮರುದಿನ ಬೋರಿನ ಪೈಪಿಗೆ ವಿಭೂತಿ ಬಳಿದು, ತನ್ನ ಹಳೆಯ ಎತ್ತುಗಳ ಗೆಜ್ಜೆಪಟ್ಟಿಯನ್ನು ಅದರ ಕೊರಳಿಗೆ ಬಿಗಿದು, ಆರೂ ಮನೆಯವರನ್ನು ಕರೆದಳು.

“ಇದು ನಮ್ಮೆಲ್ಲಾರ ಎತ್ತು. ಸೋಮವಾರ ಹೂಡಂಗಿಲ್ಲ. ಅಲ್ಲ ಅನ್ನವ್ರು ಮುಂದ ಬಂದು ಅನ್ರಿ.”

ಎತ್ತಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಆದರೆ ವಿಭೂತಿ ಹಚ್ಚಿದ ಮೇಲೆ ಅದನ್ನು ಮೊದಲು ಬಾಯಿಬಿಟ್ಟು ಹೇಳುವವರು ಯಾರು? ಒಬ್ಬರ ಮುಖ ಒಬ್ಬರು ನೋಡಿದರು. ರಾಜಶೇಖರನ ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಲೆ ನಂದಿಯ ಪಟ ಇದೆ, ಅವನೂ ಸುಮ್ಮನಾದ. ನೀಲಕಂಠಪ್ಪ ತಮ್ಮ ಭಾನುವಾರವನ್ನು ಅವನಿಗೆ ಬಿಟ್ಟುಕೊಟ್ಟರು. ಹೀಗೆ ಸೋಮವಾರ ಬೋರಿಗೆ ಬಿಡುವಾಯಿತು, ಮಂಗಳವಾರ ದಾನವ್ವನ ತೊಟ್ಟಿ ತುಂಬಿತು.

ಮೋಟರು ಹೊರಟರೆ ಪೈಪು ಅದುರಿ ಗೆಜ್ಜೆ ಝಲ್ಲೆಂದು ನಾಲ್ಕು ಹೊಲಕ್ಕೆ ಕೇಳುತ್ತಿತ್ತು. ಕದ್ದು ಓಡಿಸುವಂತಿರಲಿಲ್ಲ. ಒಂದು ಸೋಮವಾರ ಗೆಜ್ಜೆಯೊಳಗೆ ಯಾರೋ ಹತ್ತಿ ತುರುಕಿದ್ದು ಕಂಡಿತು. ಹತ್ತಿ ಎಲ್ಲಿಂದ ಬಂತೆಂದು ಯಾರೂ ಕೇಳಲಿಲ್ಲ. ನೀಲಕಂಠಪ್ಪ ಇಷ್ಟೇ ಅಂದರು: “ಎತ್ತು ಕದಿಯವ್ರು ಗೆಜ್ಜಿಗೆ ಹುಲ್ಲು ತುರಕತಿದ್ರು. ಈಗಿನ ಕಳ್ಳರು ಛಲೋ ಸರಕು ಹಾಕತಾರ.”

ರಾಜಶೇಖರನಿಗೆ ಅದು ನಾಟಿತು. ಮುಂದಿನ ಸಭೆಗೆ ಅವನು ಸಿದ್ಧನಾಗಿಯೇ ಬಂದ.

“ಎತ್ತು ಅಂದ್ರಿ, ಒಪ್ಪಿದೆ. ಒಂಟಿ ಎತ್ತು ಹೂಡೂದು ಯಾವ ಊರಿನ ಧರ್ಮರಿ? ಜೋಡಿ ಬ್ಯಾಡೇನು? ಬಾಜೂಕ ಇನ್ನೊಂದ ಬೋರ್ ಕೊರಸತೇನಿ. ಖರ್ಚು ನಂದು.”

ವಾದ ಗಟ್ಟಿಯಾಗಿತ್ತು. ಹೆಚ್ಚು ಆಳಕ್ಕೆ ಇನ್ನೊಂದು ಕೊರೆದರೆ ಮೊದಲಿನದು ಬತ್ತುತ್ತದೆಂದು ದಾನವ್ವನಿಗೆ ತಿಳಿದಿತ್ತು. ಆದರೆ ಎತ್ತು ಎಂದವಳು ಅವಳೇ. ಸ್ವಲ್ಪ ಹೊತ್ತು ಎಲೆ ಅಡಿಕೆ ಅಗಿದು ಹೇಳಿದಳು:

“ಆಗಲಿ. ಜೋಡಿ ಅಂದಮ್ಯಾಲ ಎತ್ತರ ಕೂಡಬೇಕು. ಒಂದು ಗಿಡ್ಡ ಒಂದು ಉದ್ದ ಕಟ್ಟಿದ್ರ ನೊಗ ವಾಲತೈತಿ. ಇದು ಮುನ್ನೂರೆಂಬತ್ತ ಅಡಿ ಐತಿ. ಅದೂ ಅಷ್ಟ ಇರಬೇಕು.”

ನೀಲಕಂಠಪ್ಪ ತಲೆದೂಗಿದರು. ಉಳಿದವರೂ ಗಂಭೀರವಾಗಿ ಒಪ್ಪಿದರು. ಜೋಡಿ ನೋಡುವುದರಲ್ಲಿ ಹೆಬ್ಬಳ್ಳಿಯವರಿಗೆ ತಮ್ಮ ಕಣ್ಣಿನ ಮೇಲೆ ಬಹಳ ನಂಬಿಕೆ.

ಕೊರೆಯುವ ಲಾರಿ ಬಂತು. ದಾನವ್ವ ಪಕ್ಕದಲ್ಲಿ ಚಾಪೆ ಹಾಸಿಕೊಂಡು ಕೂತು ಇಳಿಯುವ ರಾಡುಗಳನ್ನು ಎಣಿಸಿದಳು. ಬರೀ ಬಿಳಿ ಧೂಳು ಎದ್ದಿತು. ಅಳತೆ ಮುಟ್ಟಿದಾಗ ಅವಳು ಕೈ ಎತ್ತಿದಳು.

“ಇನ್ನ ಸ್ವಲ್ಪ ಇಳಸ್ರಿ, ನೀರ ಹತ್ತತಾವ,” ಎಂದ ರಾಜಶೇಖರ.

“ಜೋಡಿ ಕೆಡತೈತೋ ತಮ್ಮಾ,” ಎಂದರು ನೀಲಕಂಠಪ್ಪ. ಐದು ಮನೆಯವರೂ ಅದನ್ನೇ ಅಂದರು. ಲಾರಿಯವರು ದೂರದೂರಿನವರು. ಇವರು ಯಾವ ಎತ್ತಿನ ಮಾತಾಡುತ್ತಿದ್ದಾರೆಂದು ಸುತ್ತಲೂ ನೋಡಿ, ಒಂದೂ ಕಾಣದೆ ರಾಡು ಬಿಚ್ಚಿಕೊಂಡು ಹೋದರು.

ಮರುವರ್ಷ ಜೂನ್ ಬಂದರೂ ಮಳೆ ಇಲ್ಲ. ದಾನವ್ವನ ಸಸಿ ಗೇಣುದ್ದ ಬೆಳೆದಿತ್ತು, ತೊಟ್ಟಿ ತಳ ಕಂಡಿತ್ತು. ಮಂಗಳವಾರ ಬೆಳಿಗ್ಗೆ ಸ್ಟಾರ್ಟರಿನ ಹತ್ತಿರ ಬಂದರೆ ರಾಜಶೇಖರ ಅಲ್ಲಿ ಹೂವಿನ ಹಾರ, ಕೊಂಬಿಗೆ ಸುತ್ತುವ ಬೇಗಡೆ, ಒಂದು ತಾಟು ಹೋಳಿಗೆ ಹಿಡಿದು ನಿಂತಿದ್ದ. ಅಂದು ಕಾರಹುಣ್ಣಿಮೆ. ಎತ್ತಿಗೆ ಸಿಂಗಾರ ಮಾಡಿ ಮೆರೆಸುವ ಹಬ್ಬ, ಅದು ಯಾವ ವಾರ ಬಂದರೂ ನೊಗ ಇಡುವಂತಿಲ್ಲ.

“ಯಕ್ಕಾ, ಹಬ್ಬದ ದಿನಾ ಹೂಡತೀಯೇನು?”

ದಾನವ್ವ ತನ್ನ ಸಸಿಮಡಿಯ ಕಡೆ ನೋಡಿದಳು. ನೀಲಕಂಠಪ್ಪ ಅವಳನ್ನು ಆಚೆ ಕರೆದು ಮೆಲ್ಲಗೆ ಅಂದರು: “ಒಂದ ತಾಸು ಬಿಟ್ಟಕೋ ದಾನವ್ವ. ಸಸಿ ಸಾಯತಾವ. ಅದೇನ್ ಖರೇನ ಎತ್ತೇನು?”

“ಇವತ್ತ ನಾ ಹೂಡಿದ್ರ ಬರೂ ಸೋಮವಾರ ಅಂವಾ ಹೂಡತಾನ,” ಎಂದಳು. “ಆಮ್ಯಾಲ ಯಾರಿಗೂ ಎತ್ತಲ್ಲ ಅದು.”

ಹಾರವನ್ನು ಅವನ ಕೈಯಿಂದ ಇಸಿದುಕೊಂಡು ಬೋರಿಗೆ ತಾನೇ ಹಾಕಿದಳು. ಒಣ ಬೋರಿಗೂ ಒಂದು ಹೋಳಿಗೆ ಇಡಬೇಕೋ ಬೇಡವೋ ಎಂಬ ಚರ್ಚೆ ಎದ್ದಿತು. ಜೋಡಿಯಲ್ಲಿ ಭೇದ ಮಾಡಬಾರದೆಂದು ತೀರ್ಮಾನವಾಗಿ, ಇಟ್ಟರು.

ಆ ವಾರ ಅವಳು ಮನೆಯ ನಳದಿಂದ ಕೊಡ ಹೊತ್ತು ಸಸಿಗೆ ನೀರು ಹಾಕಿದಳು. ಅರ್ಧ ಮಡಿಗಳಿಗೆ ಸಾಕಾಯಿತು, ಅರ್ಧ ಒಣಗಿದವು. ಸೋಮವಾರ ರಾಜಶೇಖರ ಹೊಲದ ಕಡೆ ಸುಳಿಯಲಿಲ್ಲ. ಮಂಗಳವಾರ ತೊಟ್ಟಿ ತುಂಬಿದ ಮೇಲೆ ಅವಳು ಸತ್ತ ಸಸಿ ಕಿತ್ತು, ಆ ಮಡಿಗಳಲ್ಲಿ ಮತ್ತೆ ಬೀಜ ಉದುರಿಸಿದಳು. ಹಂಗಾಮು ತಡವಾಗಿತ್ತು. ಅರ್ಧ ಬೆಳೆ ಸಣ್ಣದಾಗುತ್ತದೆಂದು ಅವಳಿಗೆ ಗೊತ್ತಿತ್ತು.