ಭಾನುವಾರದ ಹೊಸ ನಿಯಮ
ಪ್ರತಿ ಭಾನುವಾರ ಟೈಲರ್ ಹೊಸದೊಂದು ನಿಯಮ ಹೊಲಿದುಕೊಂಡೇ ಅಕ್ಕನ ಮನೆಗೆ ಬರುತ್ತಾನೆ. ಡ್ರ್ಯಾಗನ್, ಮಂತ್ರವಾದಿಗಳ ಚಿತ್ರವಿರುವ ಆಟದ ಕಾರ್ಡುಗಳನ್ನು ಇಬ್ಬರೂ ಮೂವತ್ತು ವರ್ಷದಿಂದ ಕೂಡಿಟ್ಟು ಆಡುತ್ತಾ ಬಂದವರು. ಕಾರ್ಡಿನ ಕಂಪನಿ ಕೊಟ್ಟ ನಿಯಮಪುಸ್ತಕವೆಂದರೆ ಅವನಿಗೆ ರೆಡಿಮೇಡ್ ಅಂಗಿ: "ಎಲ್ಲರಿಗೂ ಅಂತ ಹೊಲಿದದ್ದು, ಯಾರಿಗೂ ಸರಿ ಕೂರಲ್ಲ." ಕತ್ತಿನ ಅಳತೆ ಟೇಪನ್ನೂ ತೆಗೆಯದೆ, ಗಂಟಲು ಸರಿಮಾಡಿಕೊಂಡು, ನ್ಯಾಯಾಧೀಶನ ಗತ್ತಿನಲ್ಲಿ ನಿಯಮ ಸಾರುತ್ತಾನೆ. ಅಕ್ಕ ಸರದಿ ಮರೆತು ಎರಡು ಸಲ ಆಡಿದ ಮರುವಾರ, "ಇನ್ಮೇಲೆ ಎರಡೆರಡು ಸಲ ಆಡಬಹುದು." ಅವನ ಡ್ರ್ಯಾಗನ್ನನ್ನೇ ತನ್ನದೆಂದು ಎತ್ತಿಕೊಂಡ ಮರುವಾರ, "ಎದುರಿನವರ ಕಾರ್ಡೂ ಆಡಬಹುದು." ಹೀಗೆ ಅಕ್ಕನ ಮರೆವಿನ ಅಳತೆಗೆ ಆಟವನ್ನು ಬಿಚ್ಚಿ ಹೊಲಿಯುತ್ತಾನೆ. ಹೋದ ವಾರ ಅವಳು ಬಾಗಿಲಲ್ಲೇ ತಡೆದು, "ಯಾರು ಬೇಕಿತ್ತು?" ಎಂದಳು. ಈ ವಾರ ಅವನು ಕಾರ್ಡು ಕಲೆಸಿ, ಅದೇ ಗತ್ತಿನಲ್ಲಿ ಹೇಳಿದ: "ಆಡೋಕೆ ಮುಂಚೆ ಇಬ್ಬರೂ ಪರಿಚಯ ಹೇಳ್ಕೋಬೇಕು. ಮೊದಲು ನಾನು. ನಾನು ನಿನ್ನ ತಮ್ಮ."