ಚಾನಲ್ ನೀರಿನ ಮೇಷ್ಟ್ರು

ನೀವು ನಂಬುವುದಿಲ್ಲ, ಬೇಕಾದರೆ ಪಂದ್ಯ ಕಟ್ಟುತ್ತೇನೆ: ನಮ್ಮ ಟ್ಯೂಷನ್ ಮೇಷ್ಟ್ರ ಹೊಟ್ಟೆ ಮೊದಲು ಕೋಣೆಗೆ ಬಂದು, ಹಾಜರಿ ನೋಡಿ, ಗದ್ದಲ ಮಾಡುವವರನ್ನು ಗುರುತಿಸಿಕೊಂಡ ಮೇಲೆಯೇ ಹಿಂದಿನಿಂದ ಮೇಷ್ಟ್ರು ಬರುತ್ತಿದ್ದರು. ಬೋರ್ಡಿಗೆ ಆತು ನಿಂತು ಬರೆಯುತ್ತಿದ್ದುದರಿಂದ ಅರ್ಧ ಲೆಕ್ಕ ಬೋರ್ಡಿನ ಮೇಲೆ, ಇನ್ನರ್ಧ ಶರ್ಟಿನ ಮೇಲೆ. ಹಿಂದಿನ ಬೆಂಚಿನವರು ಶರ್ಟು ನೋಡಿಯೇ ಬರೆದುಕೊಳ್ಳುತ್ತಿದ್ದರು.

ಇಂಥ ಮನುಷ್ಯ ಐವತ್ತು ಹತ್ತಿರವಾದಾಗ ಟ್ರಯಥ್ಲಾನ್ ಮಾಡುತ್ತೇನೆಂದು ಹೊರಟರು. ಮೊದಲು ಈಜು, ಆಮೇಲೆ ಸೈಕಲ್, ಕೊನೆಗೆ ಓಟ. ನಡುವೆ ಕಾಫಿಗೂ ಬಿಡುವಿಲ್ಲ.

ಕಾರಣ ಅವರ ಅಪ್ಪ. ಭದ್ರಾವತಿಯ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ಅಜ್ಜ, ಜನ್ನಾಪುರದಲ್ಲಿ ಟ್ಯೂಷನ್ ನಡೆಯುತ್ತಿದ್ದ ತಮ್ಮ ಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು, ನಾವು ಚಪ್ಪಲಿ ಬಿಡುವಷ್ಟರಲ್ಲಿ ಮಗನ ಚರಿತ್ರೆ ಮುಗಿಸುತ್ತಿದ್ದರು.

"ಪಿಎಚ್‌ಡಿ ಅಂದ, ಅರ್ಧ. ಕೊಳಲು ಅಂದ, ಅರ್ಧ. ಮಹಡಿ ಕಟ್ತೀನಿ ಅಂದ. ನೋಡ್ರಮ್ಮ ಮೇಲೆ, ಮೆಟ್ಲಿದೆ, ಮಹಡಿ ಇಲ್ಲ. ಶುರು ಮಾಡಿದ್ದು ಒಂದಾದ್ರೂ ಮುಗ್ಸಿದಾನಾ, ಕೇಳಿ ಅವನ್ನ."

ಮೇಷ್ಟ್ರು ಒಳಗಿನಿಂದ ಎಲ್ಲ ಕೇಳಿಸಿಕೊಂಡು, ಆಗಲೇ ಒರೆಸಿದ್ದ ಬೋರ್ಡನ್ನು ಮತ್ತೆ ಒರೆಸುತ್ತಿದ್ದರು. ಒಂದು ದಿನ ಮಾತ್ರ ಕೈ ನಿಲ್ಲಿಸಿ ನಮ್ಮ ಕಡೆ ತಿರುಗಿದರು.

"ಇದೊಂದನ್ನ ಮುಗಿಸ್ತೀನಿ ಕಣ್ರೇ. ಕೊನೇಲಿ ಬಂದ್ರೂ ಪರ್ವಾಗಿಲ್ಲ."

ಅಲ್ಲಿಂದ ಭಾನುವಾರಗಳೆಲ್ಲ ಅಭ್ಯಾಸಕ್ಕೆ ಹೋದವು. ಶಿವಮೊಗ್ಗದವರೆಗೆ ಸೈಕಲ್, ಅಲ್ಲಿ ರಾಗಿಗುಡ್ಡಕ್ಕೆ ಓಟ. ಅವರ ಚಕ್ರದ ಸೊಟ್ಟ ತೆಗೆದು ತೆಗೆದು ಬೇಸತ್ತ ಸೈಕಲ್ ಅಂಗಡಿ ಚಾಚಾ ಕೊನೆಗೆ ಹೇಳಿಯೇಬಿಟ್ಟರು: "ಸಾಬ್, ಗಾಡಿದು ಏನೂ ಕಸೂರ್ ಇಲ್ಲ. ಲೋಡೇ ಜಾಸ್ತಿ." ಗುಡ್ಡ ಹತ್ತುವ ಮೇಷ್ಟ್ರ ಉಸಿರಿನ ಸದ್ದಿಗೆ ವಿದ್ಯಾನಗರದ ಹೆಂಗಸರು ಓಡಿಹೋಗಿ ಕುಕ್ಕರ್ ಆರಿಸಿದರು ಎಂಬುದು ಕ್ಲಾಸಿನಲ್ಲಿ ನಾನು ಹಬ್ಬಿಸಿದ ಸುದ್ದಿ. ಆದರೆ ಮೇಕೆಗಳು ದಾರಿ ಬಿಟ್ಟು ನಿಂತದ್ದು ಸತ್ಯ.

ಈಜು ಮಾತ್ರ ಅದ್ಭುತ. ನಮ್ಮ ಕಡೆ ಈಜು ಕಲಿಯುವುದೆಂದರೆ ಭದ್ರೆಯ ನೀರು ಬಿಟ್ಟಾಗ ಚಾನಲ್ಲಿನಲ್ಲಿ, ಅಂದರೆ ನಾಲೆಯಲ್ಲಿ. ಮೇಲಿನ ಸೇತುವೆಯ ಬಳಿ ಇಳಿಯುವುದು, ಕೆಳಗಿನ ಸೇತುವೆಯ ಬಳಿ ಹತ್ತುವುದು. ಚಪ್ಪಲಿ, ಟವೆಲ್ ಹಿಡಿದು ಒಬ್ಬರು ದಂಡೆಯ ಮೇಲೆ ಜೊತೆಗೆ ಬರಬೇಕು. ಆ ಪದವಿ ನನ್ನದು. ಮೇಷ್ಟ್ರು ಗಜಗಾಂಭೀರ್ಯದಿಂದ ಕೈ ಬೀಸುತ್ತಿದ್ದರು, ನಾನು ಸೈಕಲ್ ತುಳಿದರೂ ಹಿಂದೆ ಬೀಳುತ್ತಿದ್ದೆ.

"ಸಾರ್, ಒಲಿಂಪಿಕ್ಸ್‌ನವ್ರಿಗಿಂತ ಫಾಸ್ಟ್ ನೀವು!"

"ಟೆಕ್ನಿಕ್ ಕಣೇ ಮಾರಾಯ್ತಿ, ಟೆಕ್ನಿಕ್," ಎಂದು ಮೂಗು ಹಿಂಡಿಕೊಳ್ಳುತ್ತಿದ್ದರು.

ಆ ವೇಗದಲ್ಲಿ ನೀರಿನ ಪಾಲೂ ಇದೆಯೆಂದು ಜನ್ನಾಪುರದಲ್ಲಿ ಯಾರಿಗೂ ಹೊಳೆಯಲಿಲ್ಲ. ಹರಿವಿನ ಜೊತೆಗೆ ಹೋಗುವ ದೋಣಿ, ಎದುರಿಗೆ ಹೋಗುವ ದೋಣಿ, ಇವುಗಳ ಲೆಕ್ಕವನ್ನು ಪ್ರತಿವರ್ಷ ನಮ್ಮ ತಲೆಗೆ ತುರುಕುತ್ತಿದ್ದ ಮೇಷ್ಟ್ರಿಗೂ ಹೊಳೆಯಲಿಲ್ಲ.

ಸ್ಪರ್ಧೆ ನಡೆದದ್ದು ಶಿವಮೊಗ್ಗದ ಹೊರಗಿನ ಒಂದು ಕೆರೆಯಲ್ಲಿ, ಬೇಸಿಗೆಯಲ್ಲಿ. ಏರಿಯ ಉದ್ದಕ್ಕೂ ಈಜಿ ಆ ತುದಿಯ ಕೆಂಪು ಬಾವುಟ ಮುಟ್ಟಬೇಕು. ಅಜ್ಜನೂ ಬಂದಿದ್ದರು. "ಎಲ್ಲಿಗೆ ಬಿಡ್ತಾನೆ ನೋಡಣ ಅಂತ ಬಂದೆ," ಎಂದು ನನ್ನ ಪಕ್ಕ ಕೂತರು.

ಸೀಟಿ ಊದಿದರು. ಎಲ್ಲರೂ ಹೋದರು. ಮೇಷ್ಟ್ರು ಗಾಂಭೀರ್ಯದಿಂದ ನಾಲ್ಕು ಸಲ ಕೈ ಬೀಸಿ, ತಲೆಯೆತ್ತಿ, ತಾವಿನ್ನೂ ನಮ್ಮೆದುರೇ ಇರುವುದನ್ನು ಕಂಡರು.

"ಲೇ! ಈ ನೀರು ಹೋಗ್ತಾನೇ ಇಲ್ವಲ್ಲೇ!"

"ಕೆರೆ ಸಾರ್ ಅದು!"

ದಂಡೆಯೆಲ್ಲ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕು, ವಿಡಿಯೋ ಮಾಡಲು ಮೊಬೈಲ್ ತೆಗೆದವಳು ನಾನೇ. ಮೇಷ್ಟ್ರು ಮತ್ತೆ ತಲೆ ಮುಳುಗಿಸಿ ಕೈ ಬೀಸತೊಡಗಿದರು. ಉಳಿದವರೆಲ್ಲ ನೀರಿನಿಂದೆದ್ದು ಸೈಕಲ್ ಹತ್ತಿ ಮರೆಯಾದರು. ಇವರು ಆಮೆಗೂ ಆಕಳಿಕೆ ಬರುವ ವೇಗದಲ್ಲಿ ಸಾಗುತ್ತಲೇ ಇದ್ದರು. ನಾನೂ ಅಜ್ಜನೂ ಏರಿಯ ಮೇಲೆ ಅವರ ಜೊತೆಜೊತೆಗೆ ನಡೆದೆವು. ಕೊನೆಗೆ ಸಂಘಟಕರ ದೋಣಿ ಬಂತು.

"ಸರ್, ಟೈಮ್ ಮುಗೀತು. ಹತ್ಕೊಳ್ಳಿ."

"ಮುಟ್ಬೇಡ್ರೀ!" ಮೇಷ್ಟ್ರು ನೀರು ಉಗಿದು ಕೂಗಿದರು. "ಮುಗಿಸ್ದೇ ಬರಲ್ಲ ನಾನು!"

ನಾನು ವಿಡಿಯೋ ನಿಲ್ಲಿಸಿದೆ. ಬ್ಯಾಟರಿ ಮುಗಿದಿತ್ತೆಂದು ಗೆಳತಿಯರಿಗೆ ಈಗಲೂ ಹೇಳುತ್ತೇನೆ. ಬಾರದ ಲೆಕ್ಕದ ಮುಂದೆ ಏಳದೆ ಕೂರುವುದು ನನಗೆ ಅಷ್ಟಿಷ್ಟು ಬರುತ್ತದಲ್ಲ, ಅದನ್ನು ನಾನು ಕಲಿತದ್ದು ಅವರ ಬೋರ್ಡಿನಿಂದಲೂ ಅಲ್ಲ, ಶರ್ಟಿನಿಂದಲೂ ಅಲ್ಲ.

ಮೇಷ್ಟ್ರ ಕೈಗಳು ಸೋಲುತ್ತಿದ್ದವು. ಬಾವುಟ ಇನ್ನೂ ದೂರವಿತ್ತು. ಆಗ ಅಜ್ಜ ಪಂಚೆ ಎತ್ತಿ ಕಟ್ಟಿದರು.

"ಅಜ್ಜ, ಎಲ್ಲಿಗೆ?" ಎಂದು ನಾನು ಕೇಳುವಷ್ಟರಲ್ಲಿ ನೀರಿಗಿಳಿದಾಗಿತ್ತು. ಇದ್ದಬದ್ದ ಸೀಟಿಗಳೆಲ್ಲ ಒಟ್ಟಿಗೆ ಅರಚಿದವು. ಅಜ್ಜ ನಡೆದರು. ಮೊಣಕಾಲು, ಸೊಂಟ, ಎದೆ. ಅದಕ್ಕಿಂತ ಮೇಲೆ ನೀರು ಏರಲಿಲ್ಲ. ನಡೆದುಕೊಂಡೇ ಹೋಗಿ ಮಗನ ಪಕ್ಕ ನಿಂತರು.

"ಕಾಲು ಬಿಡೋ ಕೆಳಗೆ."

ಚಾನಲ್ಲಿನಲ್ಲಿ ಈಜಿದವರು ನೀರಲ್ಲಿ ಕಾಲೂರುವುದಿಲ್ಲ, ಊರಿದರೆ ಸೆಳೆತ ಉರುಳಿಸುತ್ತದೆ. ಮೇಷ್ಟ್ರು ಹೆದರುತ್ತಲೇ ಕಾಲು ಬಿಟ್ಟರು. ನಿಂತರು. ಅಪ್ಪನಿಗೆ ಎದೆಮಟ್ಟದ ನೀರು ಮಗನಿಗೆ ಹೊಟ್ಟೆಮಟ್ಟ. ಸ್ಪರ್ಧೆ ಅಲ್ಲಿಗೆ ಮುಗಿಯಿತೆಂದು ದೋಣಿಯವನು ಹುಟ್ಟು ತಿರುಗಿಸಿದ.

ಮೇಷ್ಟ್ರು ಮೂಗು ಹಿಂಡಿಕೊಂಡರು. ಆಮೇಲೆ, "ದಡ ಈ ಕಡೆ ಹತ್ರ ಇದೆ ಅಪ್ಪ," ಅಂದರು.

"ಬಾವುಟ ಆ ಕಡೆ ಇದೆ," ಎಂದು ಅಜ್ಜ ಮಗನ ರಟ್ಟೆ ಹಿಡಿದು ಆ ಕಡೆಗೇ ನಡೆಸಿಕೊಂಡು ಹೊರಟರು.