ಹಿಡಿದವರಿಗೂ ಬೆಲ್ಲ

ಮೊನ್ನೆ ಭಾನುವಾರ ಶಿವಮೊಗ್ಗದ ವಿದ್ಯಾನಗರದ ನಮ್ಮ ಮನೆಯ ತಾರಸಿಯಲ್ಲಿ ಹಾಗಲಬಳ್ಳಿಯ ಒಣಗಿದ ಎಲೆ ಕೀಳುತ್ತಿದ್ದೆ. ಜೊತೆಗೆ ಹಸಿ ಎಲೆಯೂ ಒಂದಷ್ಟು ಕೈಗೆ ಬಂತು. ಬೆರಳಿಗೆ ಹತ್ತಿದ ಆ ಕಹಿ ವಾಸನೆ ಮೂಗಿಗೆ ತಾಗಿದ್ದೇ ತಡ, ಭದ್ರಾವತಿಯ ಓಲ್ಡ್ ಟೌನಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಅಜ್ಜಿ ಎದುರಿಗೆ ಬಂದು ನಿಂತಂತಾಯಿತು... ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೈಯಲ್ಲಿ ಬಿದಿರಿನ ಗೊಟ್ಟ ಹಿಡಿದು.

ದನಕ್ಕೆ ಔಷಧಿ ಕುಡಿಸುವ ಆ ಗೊಟ್ಟ ಇಡೀ ಬೀದಿಗೆ ಒಂದೇ. ಯಾರ ಮನೆಯ ಕರುವಿಗೆ, ಮೇಕೆಗೆ ಹೊಟ್ಟೆಹುಳ ಆದರೂ ಅಜ್ಜಿಯೇ ಬೇಕು. ಹಾಗಲ ಸೊಪ್ಪು, ಬೇವಿನ ಸೊಪ್ಪು, ಬೆಳ್ಳುಳ್ಳಿ ಅರೆದು ರಸ ಹಿಂಡಿ, ಮೊದಲು ತಾವೇ ಬೆರಳದ್ದಿ ನೆಕ್ಕುತ್ತಿದ್ದರು. ಆಮೇಲೆ ಕರುವಿಗೆ. ಕೊನೆಗೆ ಕರುವಿನ ನಾಲಿಗೆಗೆ ಬೆಲ್ಲ, ಅದನ್ನು ಹಿಡಿದುಕೊಂಡವರ ಅಂಗೈಗೂ ಬೆಲ್ಲ. ಹೆಚ್ಚಾಗಿ ಹಿಡಿಯುತ್ತಿದ್ದವಳು ನಾನೇ, ಕಾಲೇಜಿಗೆ ಹೊರಡುವ ಮುಂಚೆ.

ಆಗಲೂ ನನಗೆ ತಾರೀಖು ಹಾಕಿ ಬರೆಯುವ ಚಟ. ರಸ ಕುಡಿಸಿದ ಮೇಲೆ ಸಗಣಿಯಲ್ಲಿ ಹುಳ ಬಿತ್ತೋ ಇಲ್ಲವೋ ನೋಡಿ ಗುರುತು ಹಾಕುತ್ತಿದ್ದೆ.

"ಓದೋ ಹುಡುಗಿ ಪುಸ್ತಕದ ತುಂಬ ನನ್ನ ಕೊಟ್ಟಿಗೆ ಸಗಣೀನೇ ಆಯ್ತಲ್ಲೇ ಮಾರಾಯ್ತಿ! ನಾಳೆ ಗಂಡಿನ ಕಡೆಯೋರು ನೋಡಿದ್ರೆ?" ಎಂದು ಅಜ್ಜಿ ನಗುತ್ತಿದ್ದರು.

ಆ ವರ್ಷ ಅವರ ಮುದಿ ಹಸು ಕೊನೆಗೂ ಹೆಣ್ಣುಗರು ಹಾಕಿತ್ತು. ಹಸು ಇನ್ನೊಮ್ಮೆ ಗಬ್ಬವಾಗುವುದು ಅನುಮಾನ. ಕೊಟ್ಟಿಗೆ ಉಳಿಯುವುದಿದ್ದರೆ ಈ ಕರುವಿನಿಂದಲೇ. ಆದರೆ ಕರುವಿನ ಹೊಟ್ಟೆ ಗುಡಾಣದಂತೆ ಉಬ್ಬಿತು, ರೋಮ ಒರಟಾಯಿತು. ಎರಡು ಸಲ ರಸ ಕುಡಿಸಿದರೂ ನನ್ನ ಪುಸ್ತಕದಲ್ಲಿ ಬರೀ 'ಇಲ್ಲ'. ಒಂದು ಬೆಳಿಗ್ಗೆ ಕರು ಏಳಲೇ ಇಲ್ಲ.

"ಡಾಕ್ಟರನ್ನ ಕರೆಸೋಣ ಅಜ್ಜಿ," ಎಂದೆ.

"ಕರೆಸಿದ್ರೆ ಇಡೀ ಬೀದಿ ನೋಡುತ್ತೆ. ನಾಳೆ ನನ್ನ ಸೊಪ್ಪನ್ನ ಯಾರು ನಂಬ್ತಾರೆ?"

ಹಾಗೆಂದವರು ಕರುವಿನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಕೆಳತುಟಿ ಬಿಡಿಸಿ ನೋಡಿದರು. ಒಸಡು ರಕ್ತವೇ ಇಲ್ಲದಂತೆ ಬೆಳ್ಳಗಾಗಿತ್ತು. ಎದ್ದು ಗೊಟ್ಟವನ್ನು ಗೋಡೆಯ ಗೂಟಕ್ಕೆ ಸಿಕ್ಕಿಸಿ, "ಫೋನ್ ಮಾಡೇ. ಸೊಪ್ಪಿನ ಮಾನ ಹೋದ್ರೆ ಹೋಗ್ಲಿ," ಎಂದರು.

ದನದ ಡಾಕ್ಟರು ಬಂದಾಗ ಬೀದಿಯವರೆಲ್ಲ ಬಾಗಿಲಲ್ಲಿದ್ದರು. ಡಾಕ್ಟರು ಕರುವಿನ ಬಾಯಿಗೆ ಔಷಧಿ ಹಾಕುವ ಮೊದಲೇ ಅಜ್ಜಿ ಅದರಲ್ಲಿ ಬೆರಳದ್ದಿ ನೆಕ್ಕಿಬಿಟ್ಟರು.

"ಅಯ್ಯೋ, ಏನಜ್ಜಿ ಇದು! ಕರುವಿನ ಔಷಧಿ ಅದು!"

"ನಾನು ಬಾಯಿಗಿಡದ್ದನ್ನ ಅದರ ಬಾಯಿಗೆ ಹಾಕಲ್ಲ ಸ್ವಾಮಿ. ಇಷ್ಟು ಸಿಹಿ ಇದೆ, ಹುಳ ಸಾಯ್ತವೋ, ಇನ್ನೊಂದು ಲೋಟ ಕೇಳ್ತವೋ?"

ಡಾಕ್ಟರಿಗೂ ನಗು ತಡೆಯಲಾಗಲಿಲ್ಲ. ಕರು ಹಿಡಿದಿದ್ದ ನನಗೆ ಬೆಲ್ಲ ಸಿಕ್ಕಿತು, ಅವತ್ತು ಅವರಿಗೂ.

ಆಮೇಲೆ ಹುಳ ಗಂಟುಗಂಟಾಗಿ ಬಿದ್ದವು. ಕರು ಎದ್ದು ತಾಯಿಯ ಕೆಚ್ಚಲು ಗುದ್ದತೊಡಗಿತು. ಸೊಪ್ಪು ಕೇಳಿಕೊಂಡು ಜನ ಬರುವುದು ನಿಲ್ಲಲಿಲ್ಲ. ಆದರೆ ಅಜ್ಜಿ ಈಗ ಮೊದಲು ಒಸಡು ನೋಡುತ್ತಿದ್ದರು. ಬೆಳ್ಳಗಿದ್ದರೆ, "ಇದು ನನ್ನ ಕೈಲಾಗಲ್ಲ, ಡಾಕ್ಟರ ಹತ್ರ ಹೋಗ್ರಪ್ಪ," ಎನ್ನುತ್ತಿದ್ದರು, ಬೀದಿಗೆಲ್ಲ ಕೇಳುವಂತೆ.

ನಾವು ಶಿವಮೊಗ್ಗಕ್ಕೆ ಬಂದ ಮೇಲೆ ಒಂದು ಬೇಸಿಗೆಯಲ್ಲಿ ಅಜ್ಜಿ ತೀರಿಕೊಂಡರು. ಆ ಕರು ಈಗ ಆಲ್ಕೊಳದಲ್ಲಿ, ಅವರ ಮಗಳ ಮನೆಯಲ್ಲಿ ಹಾಲು ಕೊಡುವ ಹಸು. ಅದು ಕರು ಹಾಕಿದ ತಾರೀಖು ಕೇಳಿ ಬರೆದಿಟ್ಟುಕೊಂಡಿದ್ದೇನೆ, ಯಾಕೆಂದು ಗೊತ್ತಿಲ್ಲ...

ಮೊನ್ನೆ ತಾರಸಿಯಲ್ಲಿ ಬೆರಳು ನೆಕ್ಕಿದೆ. ಅದೇ ಕಹಿ. ನನಗೇ ತಿಳಿಯದಂತೆ ಇನ್ನೊಂದು ಅಂಗೈ ಮುಂದೆ ಚಾಚಿತ್ತು. ಕೆಳಗಿಳಿದು ಬಂದು ಡಬ್ಬಿಯಿಂದ ಬೆಲ್ಲವನ್ನು ನಾನೇ ತೆಗೆದುಕೊಂಡೆ.